ಲ್ಯಾಬ್ ರಿಪೋರ್ಟಿನಿಂದ ಖನಿಜ ಲೆಕ್ಕ: ಸಾಫ್ಟ್‌ವೇರ್ ತಪ್ಪು ಉತ್ತರ ಕೊಟ್ಟರೆ ದೋಷ ಎಲ್ಲಿ ಹುಡುಕಬೇಕು

ಸೇಡಂ, ವಾಡಿ, ಚಿತ್ತಾಪುರದ ಕಡೆ ಸುಣ್ಣದಕಲ್ಲಿನ ಮಾದರಿ ಲ್ಯಾಬಿಗೆ ಹೋದರೆ ಬರುವುದು ಆಕ್ಸೈಡುಗಳ ಪಟ್ಟಿ: ಸಿಲಿಕಾ, ಅಲ್ಯುಮಿನಾ, ಐರನ್ ಆಕ್ಸೈಡ್, ಸುಣ್ಣ ಅಂದರೆ ಕ್ಯಾಲ್ಸಿಯಂ ಆಕ್ಸೈಡ್, ಮೆಗ್ನೀಶಿಯಾ, ಪೊಟ್ಯಾಶ್, ಸೋಡಾ, ಕೊನೆಗೆ ಎಲ್‌ಓಐ, ಅಂದರೆ ಕೆಂಪಗೆ ಕಾಯಿಸಿದಾಗ ಕಳೆದುಹೋಗುವ ತೂಕ. ಆದರೆ ಗಣಿಯವರಿಗೆ ಬೇಕಾದದ್ದು ಖನಿಜ. ಕ್ಯಾಲ್ಸೈಟ್ (ಸುಣ್ಣದ ಕಾರ್ಬೊನೇಟ್) ಎಷ್ಟು, ಡಾಲಮೈಟ್ (ಸುಣ್ಣ, ಮೆಗ್ನೀಶಿಯಾ ಎರಡೂ ಇರುವ ಕಾರ್ಬೊನೇಟ್) ಇದೆಯೋ ಇಲ್ಲವೋ, ಸಿಲಿಕಾ ಬೆಣಚಿನಲ್ಲಿದೆಯೋ ಜೇಡಿಯಲ್ಲಿದೆಯೋ ಎಂಬುದು ತಿಳಿಯದೆ ಅರೆಯುವ ಗಿರಣಿಗೂ ಸುಡುವ ಕುಲುಮೆಯಾದ ಕಿಲ್ನಿಗೂ ಲೆಕ್ಕ ಹಾಕಲು ಬರುವುದಿಲ್ಲ.

ಈ ನಡುವಿನ ಲೆಕ್ಕವನ್ನು ಎಕ್ಸೆಲ್ಲಿನ ಸಾಲ್ವರಿನಲ್ಲೂ (ಹೊಂದುವ ಅಂಕಿಗಳನ್ನು ಹುಡುಕುವ ಸಾಧನ) ಮಾಡಬಹುದು, ಪೈಥಾನಿನಲ್ಲಿ ಸೊನ್ನೆಗಿಂತ ಕೆಳಗೆ ಹೋಗದ ಉತ್ತರ ಹುಡುಕುವ ಎನ್‌ಎನ್‌ಎಲ್‌ಎಸ್‌ನಲ್ಲೂ ಮಾಡಬಹುದು, ಇದಕ್ಕೆಂದೇ ಬರೆದ ಪ್ರೋಗ್ರಾಮುಗಳಲ್ಲೂ ಮಾಡಬಹುದು. ಎಲ್ಲದರ ತತ್ವ ಒಂದೇ. ಪ್ರತಿ ಖನಿಜದಲ್ಲಿ ಯಾವ ಆಕ್ಸೈಡ್ ಶೇಕಡಾ ಎಷ್ಟು ಎಂಬ ಪಟ್ಟಿಯನ್ನು ನಾವು ಕೊಡುತ್ತೇವೆ. ಯಾವ ಖನಿಜ ಎಷ್ಟೆಷ್ಟು ಸೇರಿದರೆ ಲ್ಯಾಬಿನ ಅಂಕಿಗಳು ಹೊರಬೀಳುತ್ತವೆ ಎಂದು ಅದು ಹುಡುಕುತ್ತದೆ. ಹುಡುಕಿ ಯಾವುದೋ ಒಂದು ಉತ್ತರವನ್ನು ಕೊಟ್ಟೇ ಕೊಡುತ್ತದೆ. ಉತ್ತರ ಬಂತು ಎಂದ ಮಾತ್ರಕ್ಕೆ ಆ ಖನಿಜ ಕಲ್ಲಿನಲ್ಲಿದೆ ಎಂದಾಗುವುದಿಲ್ಲ. ದೋಷ ಹೆಚ್ಚಾಗಿ ಮೂರು ಕಡೆ ಅಡಗಿರುತ್ತದೆ: ಹಾಳೆಯಲ್ಲಿ, ಎಲ್‌ಓಐಯಲ್ಲಿ, ಖನಿಜಗಳ ಪಟ್ಟಿಯಲ್ಲಿ. ಈ ಕ್ರಮದಲ್ಲೇ ಹುಡುಕಿದರೆ ಸಮಯ ಉಳಿಯುತ್ತದೆ.

ಆಕ್ಸೈಡುಗಳ ಮೊತ್ತ 100ರ ಹತ್ತಿರ ಬಾರದಿದ್ದರೆ

ಸಾಫ್ಟ್‌ವೇರ್ ತೆರೆಯುವ ಮೊದಲೇ ಪ್ರತಿ ಸಾಲನ್ನೂ ಕೂಡಿಸಿ ನೋಡಿ. ಎಲ್‌ಓಐ ಸೇರಿ ಮೊತ್ತ 98.5ರಿಂದ 101ರೊಳಗೆ ಇದ್ದರೆ ಮುಂದೆ ಹೋಗಬಹುದು. 60, 70 ಬಂದರೆ ಎಲ್‌ಓಐ ಕಾಲಂ ಬಿಟ್ಟುಹೋಗಿದೆ, ಇಲ್ಲವೇ ಅಂಕಿಗಳು ಆಕ್ಸೈಡಿನವಲ್ಲ, ಧಾತುವಿನವು. ಧಾತುವಿನಿಂದ ಆಕ್ಸೈಡಿಗೆ ಹೋಗಲು ಕ್ಯಾಲ್ಸಿಯಮನ್ನು 1.399ರಿಂದ, ಮೆಗ್ನೀಶಿಯಮನ್ನು 1.658ರಿಂದ, ಅಲ್ಯುಮಿನಿಯಮನ್ನು 1.889ರಿಂದ, ಸಿಲಿಕಾನನ್ನು 2.139ರಿಂದ, ಕಬ್ಬಿಣವನ್ನು 1.430ರಿಂದ, ಪೊಟ್ಯಾಸಿಯಮನ್ನು 1.205ರಿಂದ ಗುಣಿಸಬೇಕು. ಪಿಪಿಎಂನಲ್ಲಿ (ಹತ್ತು ಲಕ್ಷದಲ್ಲಿ ಎಷ್ಟು ಪಾಲು) ಕೊಟ್ಟಿದ್ದರೆ ಮೊದಲು 10,000ದಿಂದ ಭಾಗಿಸಿ.

ಮೊತ್ತ ಕಡಿಮೆ ಬರಲು ಇನ್ನೊಂದು ಕಾರಣ ಮಾದರಿಯನ್ನು ಕರಗಿಸಿದ ರೀತಿ. ನಾಲ್ಕು ಆಮ್ಲಗಳ ವಿಧಾನದಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಸಿಲಿಕಾವನ್ನು ಅನಿಲವಾಗಿಸಿ ಹಾರಿಸಿಬಿಡುತ್ತದೆ, ಆದ್ದರಿಂದ ಆ ರಿಪೋರ್ಟಿನಲ್ಲಿ ಸಿಲಿಕಾ ಇರುವುದಿಲ್ಲ. ಆಕ್ವಾ ರೀಜಿಯಾದಲ್ಲಿ (ಹೈಡ್ರೋಕ್ಲೋರಿಕ್, ನೈಟ್ರಿಕ್ ಆಮ್ಲಗಳ ಮಿಶ್ರಣ) ಕರಗಿಸಿದ್ದರೆ ಕ್ಯಾಲ್ಸೈಟ್ ಪೂರ್ತಿ ಕರಗುತ್ತದೆ, ಫೆಲ್ಡ್‌ಸ್ಪಾರ್ ಮತ್ತು ಜೇಡಿ ಅರೆಬರೆ ಕರಗುತ್ತವೆ. ಆಗ ಅಲ್ಯುಮಿನಾ, ಪೊಟ್ಯಾಶ್ ಎರಡೂ ತಗ್ಗಿ, ಕಲ್ಲು ಇರುವುದಕ್ಕಿಂತ ಶುದ್ಧವಾಗಿ ಕಾಣುತ್ತದೆ. ಖನಿಜ ಲೆಕ್ಕಕ್ಕೆ ಬೋರೇಟ್ ಜೊತೆ ಕರಗಿಸಿ ಎರಕ ಹೊಯ್ದ ಗಾಜಿನ ಬಿಲ್ಲೆಯ ಮೇಲೆ ಎಕ್ಸ್-ಕಿರಣ ಬಿಟ್ಟು ಧಾತುಗಳನ್ನು ಅಳೆಯುವ ಎಕ್ಸ್‌ಆರ್‌ಎಫ್ ಅಂಕಿಗಳೇ ಬೇಕು. ಪುಡಿಯನ್ನು ಒತ್ತಿ ಮಾಡಿದ ಬಿಲ್ಲೆಯಲ್ಲಿ ಕಣದ ಗಾತ್ರ ಮತ್ತು ಖನಿಜದ ಬಗೆಯಿಂದಲೇ ಅಂಕಿ ಏರುಪೇರಾಗುತ್ತದೆ. ದಿನನಿತ್ಯದ ನಿಯಂತ್ರಣಕ್ಕೆ ಅದು ಸಾಕು, ಇಲ್ಲಿಗೆ ಸಾಲದು.

ಎಕ್ಸೆಲ್ ಹಾಳೆಯಲ್ಲಿ ಕಣ್ಣಿಗೆ ಬೀಳದೆ ಉಳಿಯುವ ತಪ್ಪುಗಳೂ ಇವೆ. ಅಳತೆಯ ಮಿತಿಗಿಂತ ಕಡಿಮೆ ಬಂದದ್ದನ್ನು ಕೆಲವು ಲ್ಯಾಬುಗಳು "<0.01" ಎಂದು ಬರೆಯುತ್ತವೆ, ಕೆಲವು -0.01 ಎಂದು. ಮೊದಲನೆಯದನ್ನು ಎಕ್ಸೆಲ್ ಅಕ್ಷರವೆಂದು ತಿಳಿದು ಕೂಡಿಸದೆ ಬಿಡುತ್ತದೆ, ಎರಡನೆಯದನ್ನು ನಿಜವಾಗಿಯೂ ಋಣ ಅಂಕಿ ಎಂದು ಕಳೆಯುತ್ತದೆ. ಎರಡನ್ನೂ ಮಿತಿಯ ಅರ್ಧಕ್ಕೆ ಬದಲಿಸಿ. 10-12 ಎಂಬಂಥ ಮಾದರಿ ಸಂಖ್ಯೆಯನ್ನು ಎಕ್ಸೆಲ್ ತಾರೀಖು ಮಾಡಿಬಿಡುತ್ತದೆ. ಆಮೇಲೆ ಎಲ್‌ಓಐ ಹಾಳೆ ಒಂದು, ಎಕ್ಸ್‌ಆರ್‌ಎಫ್ ಹಾಳೆ ಒಂದು ಜೋಡಿಸುವಾಗ ಸಾಲುಗಳು ತಪ್ಪುತ್ತವೆ. ಮಾದರಿ ಸಂಖ್ಯೆಯ ಕಾಲಮನ್ನು ಅಂಕಿ ತುಂಬುವ ಮೊದಲೇ ಟೆಕ್ಸ್ಟ್ ಮಾಡಿಟ್ಟರೆ ಈ ತೊಂದರೆ ಬರುವುದಿಲ್ಲ.

ಒಂದು ಎಚ್ಚರಿಕೆ. ಅನೇಕ ಪ್ರೋಗ್ರಾಮುಗಳಲ್ಲಿ ಮೊತ್ತವನ್ನು ತಾನಾಗಿ 100ಕ್ಕೆ ಹೊಂದಿಸುವ ಆಯ್ಕೆ ಇರುತ್ತದೆ. ದೋಷ ಹುಡುಕುವಾಗ ಅದನ್ನು ಮುಚ್ಚಿಡಿ. 94 ಬಂದ ಸಾಲನ್ನು 100 ಮಾಡಿ ತೋರಿಸಿದರೆ ತಪ್ಪು ಇತ್ತು ಎಂಬ ಗುರುತೇ ಅಳಿಸಿಹೋಗುತ್ತದೆ.

ಕಲ್ಲಿನಲ್ಲಿ ಇಲ್ಲದ ಡಾಲಮೈಟ್ ಕಂಡರೆ

ಭೀಮಾ ಕಣಿವೆಯ ಸುಣ್ಣದಕಲ್ಲಿನಲ್ಲಿ ಬಹಳ ಕಾಡುವ ದೋಷ ಇದು. ಕಾರಣವನ್ನು ಅಂಕಿಯಲ್ಲೇ ನೋಡೋಣ. ಲೆಕ್ಕಕ್ಕಾಗಿ ಇಟ್ಟುಕೊಂಡ ಒಂದು ಸಾಲು ಹೀಗಿದೆ: ಸಿಲಿಕಾ 13.9, ಅಲ್ಯುಮಿನಾ 2.4, ಐರನ್ ಆಕ್ಸೈಡ್ 1.2, ಸುಣ್ಣ 44.5, ಮೆಗ್ನೀಶಿಯಾ 1.6, ಪೊಟ್ಯಾಶ್ 0.5, ಸೋಡಾ 0.1, ಎಲ್‌ಓಐ 35.8. ಮೊತ್ತ ಸರಿಯಾಗಿ 100. ಹಾಳೆಯಲ್ಲಿ ಯಾವ ತಪ್ಪೂ ಕಾಣುವುದಿಲ್ಲ.

ಖನಿಜಗಳ ಪಟ್ಟಿಯಲ್ಲಿ ಮೆಗ್ನೀಶಿಯಾ ಇರುವುದು ಡಾಲಮೈಟ್ ಒಂದೇ ಆಗಿದ್ದರೆ ಪ್ರೋಗ್ರಾಮಿಗೆ ಬೇರೆ ದಾರಿ ಇಲ್ಲ. ಡಾಲಮೈಟಿನಲ್ಲಿ ಮೆಗ್ನೀಶಿಯಾ ಶೇ 21.86. ಹಾಗಾಗಿ 1.6ಕ್ಕೆ ಶೇ 7.3 ಡಾಲಮೈಟ್ ಬರೆಯುತ್ತದೆ. ಅದಕ್ಕೆ 2.2ರಷ್ಟು ಸುಣ್ಣ ಹೋಗಿ, ಉಳಿದದ್ದರಲ್ಲಿ ಶೇ 75.4 ಕ್ಯಾಲ್ಸೈಟ್ ಆಗುತ್ತದೆ.

ಈಗ ಎಲ್‌ಓಐಯನ್ನು ಸಾಕ್ಷಿಗೆ ಕರೆಯಿರಿ. ಸುಣ್ಣವೆಲ್ಲ ಕಾರ್ಬೊನೇಟ್ ಆಗಿದ್ದರೆ ಅದರ ಇಂಗಾಲದ ಡೈಆಕ್ಸೈಡ್ ಸುಣ್ಣದ 0.785 ಪಟ್ಟು, ಮೆಗ್ನೀಶಿಯಾ ಎಲ್ಲ ಕಾರ್ಬೊನೇಟ್ ಆಗಿದ್ದರೆ ಅದರ 1.092 ಪಟ್ಟು. ಇಲ್ಲಿ 34.92ಕ್ಕೆ 1.75 ಕೂಡಿದರೆ 36.67. ಅಳೆದ ಎಲ್‌ಓಐ 35.8 ಮಾತ್ರ. ಜೇಡಿಯ ನೀರನ್ನು ಲೆಕ್ಕಕ್ಕೆ ತರುವ ಮೊದಲೇ 0.87 ಕೊರತೆ. ಅಂದರೆ ಇಷ್ಟು ಕಾರ್ಬೊನೇಟ್ ಈ ಕಲ್ಲಿನಲ್ಲಿ ಇರಲು ಸಾಧ್ಯವಿಲ್ಲ. ಸುಣ್ಣವನ್ನು ಮಾತ್ರ ಕಾರ್ಬೊನೇಟ್ ಎಂದರೆ 35.8ರಲ್ಲಿ 34.92 ಹೋಗಿ 0.88 ಉಳಿಯುತ್ತದೆ. 2.4 ಅಲ್ಯುಮಿನಾ ಇರುವ ಕಲ್ಲಿನಲ್ಲಿ ಜೇಡಿ, ಕ್ಲೋರೈಟುಗಳು (ಮೆಗ್ನೀಶಿಯಾ ಇರುವ, ಜೇಡಿಯಂಥ ಪದರು ಖನಿಜ) ಬಿಡುವ ನೀರು ಸುಮಾರಾಗಿ ಇಷ್ಟೇ. ಮೆಗ್ನೀಶಿಯಾ ಕ್ಲೋರೈಟಿನಲ್ಲಿ, ಇಲ್ಲವೇ ಜೇಡಿಯಲ್ಲಿ ಇದೆ ಎಂಬುದಕ್ಕೆ ಇದು ಒಳ್ಳೆಯ ಸೂಚನೆ. ಪಟ್ಟಿಗೆ ಕ್ಲೋರೈಟ್ ಸೇರಿಸಿದರೆ ಡಾಲಮೈಟ್ ಸೊನ್ನೆಗೆ ಇಳಿದು ಕ್ಯಾಲ್ಸೈಟ್ ಶೇ 79.4ಕ್ಕೆ ಏರುತ್ತದೆ. ಕ್ಯಾಲ್ಸೈಟಿನಲ್ಲಿ ನಾಲ್ಕು ಶೇಕಡಾ ವ್ಯತ್ಯಾಸ ಎಂದರೆ ಗಣಿಯ ಯೋಜನೆಯಲ್ಲಿ ಸಣ್ಣದಲ್ಲ.

ಆದರೆ ಎಲ್‌ಓಐಯೇ ತಪ್ಪಿದ್ದರೆ ಈ ಸಾಕ್ಷಿ ಸುಳ್ಳಾಗುತ್ತದೆ. ಮಾದರಿಯನ್ನು 105 ಡಿಗ್ರಿಯಲ್ಲಿ ಒಣಗಿಸಿ, 950ರಿಂದ 1000 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಕಾಯಿಸಿರಬೇಕು. ಮುಚ್ಚಳ ಮುಚ್ಚಿದ, ತುಂಬಿ ತುಳುಕುವ ಮೂಸೆಯಲ್ಲಿ ಒಳಗಿನ ಪುಡಿ ಪೂರ್ತಿ ಸುಡುವುದಿಲ್ಲ. ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಕುಲುಮೆಯಿಂದ ಹೊರತೆಗೆದ ಮೂಸೆಯಲ್ಲಿ ಇರುವುದು ಸುಟ್ಟ ಸುಣ್ಣ, ಗಾಳಿಯ ತೇವಕ್ಕೆ ಬಾಯಿ ತೆರೆದುಕೊಂಡೇ ಇರುತ್ತದೆ. 1 ಗ್ರಾಂ ಮಾದರಿ 3 ಮಿಲಿಗ್ರಾಂ ತೇವ ಹೀರಿದರೂ ಎಲ್‌ಓಐ ಶೇ 0.3 ಕಡಿಮೆಯಾಗಿ ಬರುತ್ತದೆ. ಡೆಸಿಕೇಟರಿನಲ್ಲಿ (ತೇವ ಹೀರುವ ಜೆಲ್ ಇಟ್ಟ ಮುಚ್ಚಿದ ಪಾತ್ರೆ) ತಣಿಸಿ, ಒಂದೊಂದನ್ನೇ ತೆಗೆದು ತಡಮಾಡದೆ ತೂಗಬೇಕು. ಡೆಸಿಕೇಟರಿನ ನೀಲಿ ಸಿಲಿಕಾ ಜೆಲ್ ಗುಲಾಬಿಗೆ ತಿರುಗಿದ್ದರೆ ಆ ದಿನದ ಎಲ್‌ಓಐ ನಂಬಬೇಡಿ.

ಸಂಶಯ ಉಳಿದರೆ ಕಲ್ಲನ್ನೇ ಕೇಳಿ. ಶೇ 10 ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದೊಡನೆ ಕ್ಯಾಲ್ಸೈಟ್ ಬುಸುಗುಟ್ಟುತ್ತದೆ. ಡಾಲಮೈಟ್ ಗಟ್ಟಿ ಮುಖದಲ್ಲಿ ಸುಮ್ಮನಿದ್ದು, ಕೆರೆದು ಪುಡಿ ಮಾಡಿದಾಗ ನಿಧಾನವಾಗಿ ಗುಳ್ಳೆ ಬಿಡುತ್ತದೆ.

ಇದೇ ಎಲ್‌ಓಐ ಪರೀಕ್ಷೆ ಟ್ರ್ಯಾಪ್ ಕಲ್ಲು, ಅಂದರೆ ಲಾವಾ ಗಟ್ಟಿಯಾದ ಬಸಾಲ್ಟ್, ಬೆರೆತ ಮಾದರಿಯನ್ನೂ ಹಿಡಿದುಕೊಡುತ್ತದೆ. ಸುಣ್ಣದಕಲ್ಲಿನ ಮೇಲೆ ದಖ್ಖನ್ ಟ್ರ್ಯಾಪ್ ಇರುವ ಕಡೆ ಕೊರೆತದ ಮೊದಲ ಮೀಟರುಗಳ ಪುಡಿಯಲ್ಲಿ ಕರಿಕಲ್ಲು, ಎರೆ ಮಣ್ಣು ಎರಡೂ ಸೇರಿಕೊಳ್ಳುತ್ತವೆ. ಬಸಾಲ್ಟಿನಲ್ಲಿ ಸುಮಾರು ಶೇ 10 ಸುಣ್ಣ ಇದ್ದರೂ ಅದು ಕೂತಿರುವುದು ಪ್ಲೇಜಿಯೋಕ್ಲೇಸ್ ಮತ್ತು ಪೈರಾಕ್ಸೀನ್ ಎಂಬ ಸಿಲಿಕೇಟ್ ಖನಿಜಗಳಲ್ಲಿ. ಸುಣ್ಣದಕಲ್ಲಿನ ಖನಿಜ ಪಟ್ಟಿಗೆ ಇದನ್ನು ಹಾಕಿದರೆ ಶೇ 18ರಷ್ಟು ಕ್ಯಾಲ್ಸೈಟ್ ತೋರಿಸುತ್ತದೆ. ಅಷ್ಟು ಕ್ಯಾಲ್ಸೈಟಿಗೆ 7.85 ಎಲ್‌ಓಐ ಬೇಕು, ರಿಪೋರ್ಟಿನಲ್ಲಿ ಇರುವುದು ಒಂದೋ ಎರಡೋ. ಟ್ರ್ಯಾಪಿಗೆ ಬೇರೆ ಪಟ್ಟಿಯನ್ನೇ ಇಟ್ಟುಕೊಳ್ಳಿ. ಆಕ್ಸೈಡಿನಿಂದ ಅಗ್ನಿಶಿಲೆಯ ಖನಿಜ ಲೆಕ್ಕಹಾಕುವ ಸಿಐಪಿಡಬ್ಲ್ಯು ನಾರ್ಮ್ ಎಂಬ ಕ್ರಮ ಬಳಸುವವರು ಎರಡು ಮಾತು ನೆನಪಿಡಬೇಕು: ಅದು ನೀರಿಲ್ಲದ ಅಗ್ನಿಶಿಲೆಯ ಖನಿಜಗಳನ್ನಷ್ಟೇ ಬರೆಯುತ್ತದೆ, ಆದ್ದರಿಂದ ಶಿಥಿಲವಾದ ಟ್ರ್ಯಾಪಿನ ಸ್ಮೆಕ್ಟೈಟ್ (ನೀರು ಹೀರಿ ಉಬ್ಬುವ ಜೇಡಿ) ಅದರಲ್ಲಿ ಬರುವುದಿಲ್ಲ, ಕಬ್ಬಿಣವನ್ನೆಲ್ಲ ಫೆರಿಕ್ (ಹೆಚ್ಚು ಆಮ್ಲಜನಕ ಹಿಡಿದ ರೂಪ) ಎಂದು ಕೊಟ್ಟರೆ ಇಲ್ಲದ ಬೆಣಚು, ಹೆಮಟೈಟ್ ಹುಟ್ಟುತ್ತವೆ.

ಬೀದರಿನ ಜಂಬಿಟ್ಟಿಗೆ: ಪ್ರತಿ ಸಲ ಬೇರೆ ಉತ್ತರ

ಸಾಲ್ವರನ್ನು ಒಂದು ಸಲ ಓಡಿಸಿದರೆ ಶೇ 15 ಕೆಯೋಲಿನೈಟ್ (ಬಿಳಿ ಜೇಡಿಯ ಖನಿಜ), ಆರಂಭದ ಅಂಕಿ ಬದಲಿಸಿ ಮತ್ತೆ ಓಡಿಸಿದರೆ ಸೊನ್ನೆ. ಉಳಿಕೆ, ಅಂದರೆ ಲ್ಯಾಬಿನ ಅಂಕಿಗೂ ಲೆಕ್ಕದ ಅಂಕಿಗೂ ಇರುವ ಅಂತರ, ಎರಡರಲ್ಲೂ ಅಷ್ಟೇ. ಇದನ್ನು ಸಾಫ್ಟ್‌ವೇರಿನ ದೋಷವೆಂದು ಮರುಇನ್‌ಸ್ಟಾಲ್ ಮಾಡುತ್ತ ಕೂರುವುದು ವ್ಯರ್ಥ. ತೊಡಕು ರಸಾಯನಶಾಸ್ತ್ರದಲ್ಲೇ ಇದೆ.

ಜಂಬಿಟ್ಟಿಗೆಯ ಮುಖ್ಯ ಖನಿಜಗಳು ಗಿಬ್ಸೈಟ್ (ನೀರು ಸೇರಿದ ಅಲ್ಯುಮಿನಾ), ಕೆಯೋಲಿನೈಟ್, ಗೊಥೈಟ್ (ನೀರು ಸೇರಿದ ಐರನ್ ಆಕ್ಸೈಡ್), ಹೆಮಟೈಟ್ (ನೀರಿಲ್ಲದ ಐರನ್ ಆಕ್ಸೈಡ್), ಬೆಣಚು. ಅಜ್ಞಾತಗಳು ಐದು. ನಮ್ಮ ಕೈಯಲ್ಲಿರುವ ಅಂಕಿಗಳು ಅಲ್ಯುಮಿನಾ, ಸಿಲಿಕಾ, ಐರನ್ ಆಕ್ಸೈಡ್, ನೀರು, ಒಟ್ಟು ನಾಲ್ಕು. ಇನ್ನೂ ಸ್ಪಷ್ಟವಾಗಿ ಹೇಳುವುದಾದರೆ, ಅಣುಗಳ ಎಣಿಕೆಯಲ್ಲಿ (ತೂಕದಲ್ಲಲ್ಲ) ಒಂದು ಪಾಲು ಕೆಯೋಲಿನೈಟ್ ಮತ್ತು ಎರಡು ಪಾಲು ಗೊಥೈಟ್ ಸೇರಿದಾಗಿನ ಆಕ್ಸೈಡುಗಳೂ, ಎರಡು ಪಾಲು ಗಿಬ್ಸೈಟ್, ಎರಡು ಪಾಲು ಬೆಣಚು, ಒಂದು ಪಾಲು ಹೆಮಟೈಟ್ ಸೇರಿದಾಗಿನ ಆಕ್ಸೈಡುಗಳೂ ಅಣುಅಣುವಿಗೆ ಒಂದೇ. ನೀರು ಕೂಡ ಒಂದು ಹನಿ ಹೆಚ್ಚುಕಮ್ಮಿ ಇಲ್ಲ. ಲ್ಯಾಬ್ ಎಷ್ಟೇ ನಿಖರವಾಗಿ ಅಳೆದರೂ ಇವೆರಡನ್ನು ಆಕ್ಸೈಡಿನಿಂದ ಬೇರ್ಪಡಿಸಲಾಗದು.

ಉದಾಹರಣೆಗೆ ಸಿಲಿಕಾ 9.5, ಅಲ್ಯುಮಿನಾ 20, ಐರನ್ ಆಕ್ಸೈಡ್ 55, ಟೈಟಾನಿಯಾ 2.5, ಎಲ್‌ಓಐ 12 ಇರುವ ಸಾಲು ತೆಗೆದುಕೊಳ್ಳಿ. ಕೆಯೋಲಿನೈಟ್ 15, ಬೆಣಚು 2.5, ಗಿಬ್ಸೈಟ್ 21.5, ಗೊಥೈಟ್ 24.2, ಹೆಮಟೈಟ್ 33.3 ಎಂದರೂ ಇದಕ್ಕೆ ಹೊಂದುತ್ತದೆ. ಕೆಯೋಲಿನೈಟ್ ಇಲ್ಲವೇ ಇಲ್ಲ, ಬೆಣಚು 9.5, ಗಿಬ್ಸೈಟ್ 30.6, ಗೊಥೈಟ್ 13.8, ಹೆಮಟೈಟ್ 42.6 ಎಂದರೂ ಅಷ್ಟೇ ಚೆನ್ನಾಗಿ ಹೊಂದುತ್ತದೆ. ನಡುವಿನ ಯಾವ ಬಿಂದುವಾದರೂ ಸರಿಯೇ. ಹೀಗೆ ಸಾಧ್ಯವಿರುವ ಎಲ್ಲ ಉತ್ತರಗಳನ್ನೂ ಪಟ್ಟಿಮಾಡುವ ಎ2ಎಂನಂಥ ಪ್ರೋಗ್ರಾಮಿನಲ್ಲಿ ಈ ಹರವು ನೇರವಾಗಿ ಕಾಣುತ್ತದೆ. ಸಾಲ್ವರಿನಲ್ಲಿ ಆರಂಭದ ಅಂಕಿಗಳನ್ನು ನಾಲ್ಕೈದು ಸಲ ಬದಲಿಸಿ ಓಡಿಸುವುದೇ ಪರೀಕ್ಷೆ.

ಪರಿಹಾರ ಅಗ್ಗದ್ದು. ಎಲ್‌ಓಐಯನ್ನು ಎರಡು ಹಂತದಲ್ಲಿ ಅಳೆಯಿರಿ. ಗಿಬ್ಸೈಟ್, ಗೊಥೈಟ್ ಎರಡೂ ತಮ್ಮ ನೀರನ್ನು ಸುಮಾರು 250ರಿಂದ 350 ಡಿಗ್ರಿಯೊಳಗೆ ಬಿಡುತ್ತವೆ, ಕೆಯೋಲಿನೈಟ್ 450 ದಾಟಿದ ಮೇಲೆ. ಮೊದಲು 400 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಕಾಯಿಸಿ ತೂಗಿ, ಆಮೇಲೆ 1000ಕ್ಕೆ ಏರಿಸಿ ತೂಗಿ. ಮೇಲಿನ ಸಾಲಿನಲ್ಲಿ 400ರವರೆಗೆ 9.9, ಅಲ್ಲಿಂದ 1000ಕ್ಕೆ 2.1 ಬಂತೆನ್ನಿ. ಕೆಯೋಲಿನೈಟಿನ ನೀರು ಅದರ ತೂಕದ ಶೇ 13.96, ಆದ್ದರಿಂದ 2.1 ಅನ್ನು 0.1396ರಿಂದ ಭಾಗಿಸಿದರೆ ಕೆಯೋಲಿನೈಟ್ 15. ಅದು ಹಿಡಿದಿಟ್ಟ ಸಿಲಿಕಾ 7, ಉಳಿದ 2.5 ಬೆಣಚು. ಉಳಿದ ಅಲ್ಯುಮಿನಾ ಗಿಬ್ಸೈಟಿಗೆ, ಗಿಬ್ಸೈಟಿನ ನೀರು 7.45 ಕಳೆದು ಮಿಕ್ಕ 2.45 ಗೊಥೈಟಿಗೆ. ಎರಡು ತೂಕಗಳಿಂದ ಗಂಟು ಬಿಚ್ಚಿಕೊಳ್ಳುತ್ತದೆ. ಸಾಫ್ಟ್‌ವೇರಿನಲ್ಲಿ ಒಂದು ಎಲ್‌ಓಐ ಸಾಲಿನ ಬದಲು ಎರಡು ಸಾಲು ಮಾಡಿ, ಪ್ರತಿ ಖನಿಜದ ನೀರನ್ನು ಅದರದರ ಸಾಲಿನಲ್ಲಿ ಬರೆದರೆ ಸಾಕು. ಗೊಥೈಟ್ ತನ್ನೊಳಗೆ ಸ್ವಲ್ಪ ಅಲ್ಯುಮಿನಿಯಮನ್ನೂ ಸೇರಿಸಿಕೊಂಡಿರುತ್ತದೆ, ಹಾಗಾಗಿ ಗಿಬ್ಸೈಟ್ ಒಂದಿಷ್ಟು ಹೆಚ್ಚಾಗಿಯೇ ಬರುತ್ತದೆ ಎಂಬುದನ್ನು ಟಿಪ್ಪಣಿಯಲ್ಲಿ ಬರೆದಿಡಿ.

ಸುಣ್ಣದಕಲ್ಲಿನ ಜೇಡಿಯಲ್ಲೂ ಇಂಥದೇ ಗಂಟು ಇದೆ. ಕೆಯೋಲಿನೈಟ್ ಜೊತೆ ಪೊಟ್ಯಾಶ್ ಫೆಲ್ಡ್‌ಸ್ಪಾರ್ ಸೇರಿದರೆ, ಮಸ್ಕೊವೈಟ್ (ಬಿಳಿ ಅಭ್ರಕ) ಜೊತೆ ಎರಡು ಪಾಲು ಬೆಣಚು ಮತ್ತು ಒಂದು ಪಾಲು ನೀರು ಸೇರಿದಂತೆಯೇ. ಇಲ್ಲಿ ಎರಡನ್ನೂ ಬೇರ್ಪಡಿಸುವುದು ಆ ಒಂದು ಪಾಲು ನೀರು ಮಾತ್ರ, ಅದೋ 36ರಷ್ಟು ಎಲ್‌ಓಐಯೊಳಗೆ ಮುಳುಗಿಹೋಗಿರುತ್ತದೆ. ಎಲ್‌ಓಐಯಲ್ಲಿ 0.2 ತಪ್ಪಿದರೆ ಕೆಯೋಲಿನೈಟ್ ಶೇ 2.9, ಫೆಲ್ಡ್‌ಸ್ಪಾರ್ 3.1, ಮಸ್ಕೊವೈಟ್ 4.4 ಅತ್ತಿತ್ತ ಆಗುತ್ತವೆ. ಅಲ್ಯುಮಿನಾ ಇರುವುದೇ 2.4 ಆದಾಗ ಇಷ್ಟು ಓಲಾಟ ಇರುವ ಉತ್ತರಕ್ಕೆ ಬೆಲೆ ಇಲ್ಲ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣದಿಂದ ಖನಿಜಗಳನ್ನು ನೇರವಾಗಿ ಗುರುತಿಸುವ ಪರೀಕ್ಷೆ) ಕಾಣದ ಖನಿಜವನ್ನು ಪಟ್ಟಿಯಿಂದ ತೆಗೆದುಹಾಕುವುದೊಂದೇ ದಾರಿ. ಕೆಯೋಲಿನೈಟ್, ಫೆಲ್ಡ್‌ಸ್ಪಾರ್, ಮಸ್ಕೊವೈಟ್, ಬೆಣಚು ನಾಲ್ಕನ್ನೂ ಒಟ್ಟಿಗೆ ಇಡಬೇಡಿ.

ಪೈರೈಟ್ ಇರುವ ಕೋರ್

ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಸ್ತರಭಂಗದ (ನೆಲದ ಪದರ ಸೀಳಿ ಸರಿದ ಜಾಗ) ಉದ್ದಕ್ಕೆ, ಒಡೆದ ಸುಣ್ಣದಕಲ್ಲಿನಲ್ಲೂ ಕೆಳಗಿನ ಗ್ರಾನೈಟಿನಲ್ಲೂ ಸಿಗುತ್ತದೆ, ಜೊತೆಯಲ್ಲಿ ಪೈರೈಟ್, ಅಂದರೆ ಕಬ್ಬಿಣ-ಗಂಧಕದ ಖನಿಜ, ಇರುತ್ತದೆ. ಇಂಥ ಕಲ್ಲಿನಲ್ಲಿ ಮೇಲೆ ಹೇಳಿದ ಎಲ್‌ಓಐ ಪರೀಕ್ಷೆಯನ್ನು ಕಣ್ಣುಮುಚ್ಚಿ ಬಳಸಬಾರದು. ಪೈರೈಟ್ ಸುಟ್ಟು ಗಂಧಕವೆಲ್ಲ ಹೊಗೆಯಾಗಿ ಹೋದರೆ, ಶೇ 1 ಪೈರೈಟ್ ಎಲ್‌ಓಐಗೆ 0.33 ಸೇರಿಸುತ್ತದೆ. ಆದರೆ ಸುತ್ತ ಸುಟ್ಟ ಸುಣ್ಣ ಇದ್ದರೆ ಅದು ಆ ಗಂಧಕವನ್ನು ಸಲ್ಫೇಟಾಗಿ ಹಿಡಿದುಕೊಳ್ಳುತ್ತದೆ. ಪೂರ್ತಿ ಹಿಡಿದರೆ ಅದೇ ಶೇ 1 ಪೈರೈಟ್ ತೂಕವನ್ನು 1 ಹೆಚ್ಚಿಸಿ ಎಲ್‌ಓಐಯನ್ನು ಅಷ್ಟೇ ತಗ್ಗಿಸುತ್ತದೆ. ಅಂದರೆ 1.3ರಷ್ಟು ಅನಿಶ್ಚಿತತೆ. ಕೋರಿನಲ್ಲಿ (ಕೊರೆದು ತೆಗೆದ ಕಲ್ಲಿನ ಕೋಲು) ಹೊಳೆವ ಹಳದಿ ಕಣ ಕಂಡರೆ ಎಲ್‌ಓಐ ಬದಲು ಇಂಗಾಲದ ಡೈಆಕ್ಸೈಡನ್ನು ನೇರವಾಗಿ ಅಳೆಸಿ, ಗಂಧಕವನ್ನೂ ಅಳೆಸಿ. ಗಂಧಕವನ್ನು 1.871ರಿಂದ ಗುಣಿಸಿದರೆ ಪೈರೈಟ್, 1.245ರಿಂದ ಗುಣಿಸಿದ್ದನ್ನು ಐರನ್ ಆಕ್ಸೈಡಿನಿಂದ ಕಳೆಯಬೇಕು. ಕಳೆಯದಿದ್ದರೆ ಒಂದೇ ಕಬ್ಬಿಣ ಪೈರೈಟಿನಲ್ಲೊಮ್ಮೆ ಹೆಮಟೈಟಿನಲ್ಲೊಮ್ಮೆ ಎಣಿಕೆಯಾಗಿ ಮೊತ್ತ 100 ದಾಟುತ್ತದೆ. ಜಿಪ್ಸಮ್ ಇದ್ದರೆ ಸಲ್ಫೇಟಿನ ಗಂಧಕವನ್ನು ಮೊದಲೇ ಬೇರೆ ಮಾಡಿ.

ಪೊಟ್ಯಾಶ್ ಮಾತ್ರ ಹೊಂದದಿದ್ದರೆ

ಸುಣ್ಣ, ಸಿಲಿಕಾ ಚೆನ್ನಾಗಿ ಹೊಂದಿ ಪೊಟ್ಯಾಶ್ ಅರ್ಧಕ್ಕರ್ಧ ತಪ್ಪಿದ್ದರೆ ತೂಕ, ಅಂದರೆ ಯಾವ ಆಕ್ಸೈಡಿನ ತಪ್ಪಿಗೆ ಎಷ್ಟು ಮಹತ್ವ ಎಂಬುದನ್ನು, ಕೊಡಲು ಮರೆತಿದ್ದೀರಿ. ಸುಮ್ಮನೆ ಬಿಟ್ಟರೆ 44.5 ಸುಣ್ಣದಲ್ಲಿ 0.3 ತಪ್ಪುವುದೂ, 0.5 ಪೊಟ್ಯಾಶಿನಲ್ಲಿ 0.3 ತಪ್ಪುವುದೂ ಪ್ರೋಗ್ರಾಮಿಗೆ ಸಮ. ಇಲೈಟಿನಲ್ಲಿ (ಪೊಟ್ಯಾಶ್ ಇರುವ ಜೇಡಿ ಖನಿಜ) ಪೊಟ್ಯಾಶ್ ಶೇ 8 ಎಂದು ಹಿಡಿದರೆ ಆ 0.3 ಎಂದರೆ ಶೇ 3.75 ಇಲೈಟ್. ಪ್ರತಿ ಆಕ್ಸೈಡಿನ ಉಳಿಕೆಯನ್ನು ಆ ಆಕ್ಸೈಡಿನ ಲ್ಯಾಬ್ ದೋಷದಿಂದ ಭಾಗಿಸಿ, ಆಮೇಲೆ ವರ್ಗ ಮಾಡಿ ಕೂಡಿಸಿ. ಖನಿಜ ಸೊನ್ನೆಗಿಂತ ಕೆಳಗೆ ಹೋಗಬಾರದು ಎಂಬ ಕಟ್ಟುಪಾಡನ್ನು ಮೊದಲ ಓಟದಲ್ಲಿ ಬಿಚ್ಚಿಡುವುದು ಒಳ್ಳೆಯದು. ಕೆಯೋಲಿನೈಟ್ -6 ಬಂತೆಂದರೆ ಅಲ್ಯುಮಿನಾ ಸಾಲುತ್ತಿಲ್ಲ ಎಂದರ್ಥ. ಅಲ್ಯುಮಿನಾ ಕಡಿಮೆ ಇರುವ ಬೇರೆ ಪೊಟ್ಯಾಶ್ ಖನಿಜವೊಂದು ಪಟ್ಟಿಯಲ್ಲಿ ಬಿಟ್ಟುಹೋಗಿದೆಯೇ ನೋಡಿ, ಹೆಚ್ಚಾಗಿ ಅದು ಫೆಲ್ಡ್‌ಸ್ಪಾರ್. ಕಟ್ಟುಪಾಡು ಹಾಕಿದ ಮೇಲೆ ಇದೇ ಸುಳಿವು ಬರೀ ಸೊನ್ನೆಯಾಗಿ ಅಡಗಿಹೋಗುತ್ತದೆ.

ಎಕ್ಸ್‌ಆರ್‌ಡಿಗೆ ಯಾವ ಮಾದರಿ ಕಳಿಸಬೇಕು

ಎಲ್ಲವನ್ನೂ ಕಳಿಸುವ ಅಗತ್ಯವಿಲ್ಲ. ಆರು ಸಾಕು: ಎಲ್‌ಓಐ ಪರೀಕ್ಷೆಯಲ್ಲಿ ಕೊರತೆ ಹೆಚ್ಚು ಬಂದ ಎರಡು, ಮೆಗ್ನೀಶಿಯಾ ಅತಿ ಹೆಚ್ಚಿರುವುದು ಒಂದು, ಅಲ್ಯುಮಿನಾ ಅತಿ ಹೆಚ್ಚಿರುವುದು ಒಂದು, ಎಲ್ಲ ಸರಿ ಕಂಡ ಎರಡು. ಎಕ್ಸ್‌ಆರ್‌ಎಫ್‌ಗೆ ಹೋದ ಅದೇ ಪುಡಿಯ ಪಾಲನ್ನೇ ಕಳಿಸಿ, ಅದೇ ಪೆಟ್ಟಿಗೆಯಿಂದ ಬೇರೆ ತುಂಡು ಒಡೆದು ಕಳಿಸಬೇಡಿ. ಬಂದ ಚಿತ್ರದಲ್ಲಿ ಹರಳಿನ ಪದರಗಳ ನಡುವಿನ ಅಂತರಕ್ಕೆ ತಕ್ಕಂತೆ ಕ್ಯಾಲ್ಸೈಟ್ 3.03 ಆಂಗ್‌ಸ್ಟ್ರಾಮ್, ಡಾಲಮೈಟ್ 2.89, ಬೆಣಚು 3.34, ಇಲೈಟ್ 10ರಲ್ಲಿ ಶಿಖರ ತೋರುತ್ತವೆ. 7ರ ಹತ್ತಿರದ ಶಿಖರ ಕೆಯೋಲಿನೈಟಿನದೂ ಆಗಬಹುದು, ಕ್ಲೋರೈಟಿನದೂ ಆಗಬಹುದು. 14ರಲ್ಲೂ ಶಿಖರ ಇದ್ದು, 550 ಡಿಗ್ರಿಗೆ ಕಾಯಿಸಿದ ಮೇಲೂ ಅದು ಉಳಿದರೆ ಕ್ಲೋರೈಟ್ ಇದೆ. ಗ್ಲೈಕಾಲ್ ಹಾಕಿದಾಗ 14ರ ಶಿಖರ 17ಕ್ಕೆ ಸರಿದರೆ ಸ್ಮೆಕ್ಟೈಟ್, ಬಹುಶಃ ಬಿರುಕಿನೊಳಗೆ ಇಳಿದ ಎರೆ ಮಣ್ಣು. ಹಾಗಾದಾಗ ಆ ಮಾದರಿಯ ಲೆಕ್ಕ ಬಿಟ್ಟು, ಮಣ್ಣು ತೊಳೆದು ಹೊಸದಾಗಿ ಪುಡಿ ಮಾಡಿಸಿ.

ಆರರಲ್ಲಿ ಕಂಡ ಖನಿಜಗಳಷ್ಟನ್ನೇ ಪಟ್ಟಿಯಲ್ಲಿ ಇಟ್ಟು ಎಲ್ಲ ಸಾಲುಗಳನ್ನೂ ಮತ್ತೆ ಓಡಿಸಿ. ಗಣಿಯ ಬೆಂಚು ಹೊಸ ಪದರಕ್ಕೆ ಇಳಿದಾಗ, ಅಥವಾ ಕೊರೆತ ಸುಣ್ಣದಕಲ್ಲು ದಾಟಿ ಶೇಲ್ ಇಲ್ಲವೇ ಗ್ರಾನೈಟ್ ಮುಟ್ಟಿದಾಗ, ಆ ಪಟ್ಟಿ ಅಲ್ಲಿಗೆ ಮುಗಿಯಿತು. ಹೊಸ ಪದರದ ಆರು ಪುಡಿಗಳನ್ನು ಆರಿಸಿ ಕಳಿಸಬೇಕು.